ಕ್ಯಾಲೆಂಡರ್ ಲಕ್ಷ್ಮಿಯ ಜಾಗದಲ್ಲಿ ಒಬ್ಬ ಹೆಂಗಸು ನಿಂತರೆ ಏನಾಗುತ್ತೆ?

ಕಳಸದಕಾಯಿ:

ವರಮಹಾಲಕ್ಷ್ಮಿ ಹಬ್ಬ ಮುಗಿದು ಎರಡು ದಿನ ಆಯ್ತು, ಸೊಂಟ ಇನ್ನೂ ಹಿಡಿದುಕೊಂಡಿದೆ. ಹಬ್ಬದ ಹಿಂದಿನ ರಾತ್ರಿ ನಾನು, ಅತ್ತೆ ಸೇರಿ ದೇವಿಯನ್ನು ಕೂರಿಸುತ್ತಿದ್ದೆವು. ನಿಮಗೆ ಗೊತ್ತಲ್ಲ. ಡಬ್ಬದ ಮೇಲೆ ಬಿಂದಿಗೆ, ಅದಕ್ಕೆ ಅಡ್ಡ ಕೋಲು ಕಟ್ಟಿ ಭುಜ ಮಾಡಿ, ಸೀರೆ ನೆರಿಗೆ ಹಿಡಿದು, ಪಿನ್ ಹಾಕಿ, ಮೇಲೆ ತೆಂಗಿನಕಾಯಿ, ಕಾಯಿಗೆ ಬೆಳ್ಳಿ ಮುಖ. ಏಳನೇ ಕ್ಲಾಸಿನ ಮಗಳು ಪಿನ್ ಎತ್ತಿಕೊಡುತ್ತಾ ಕೂತಿದ್ದಳು. ಗೋಡೆಯ ಕ್ಯಾಲೆಂಡರ್ ನೋಡಿ ಸುಮ್ನೆ ಕೇಳಿದಳು: "ಅಮ್ಮ, ಆ ಲಕ್ಷ್ಮಿಗೆ ಪಿನ್ ಹಾಕಿದ್ದು ಯಾರು?"

ನಗು ಬಂತು. ಉತ್ತರ ಬರಲಿಲ್ಲ.

ಮಾರನೇ ದಿನ ಅರಿಶಿನ ಕುಂಕುಮಕ್ಕೆ ಬಂದ ಗೆಳತಿಗೆ ಇದನ್ನು ಹೇಳಿದೆ. ಅವಳು ಫೋನ್ ತೆಗೆದು ಒಂದು ಫೋಟೋ ತೋರಿಸಿದಳು. ಅದೇ ಕ್ಯಾಲೆಂಡರ್ ಲಕ್ಷ್ಮಿ. ತಾವರೆ, ಕೆರೆ, ನಾಲ್ಕು ಕೈ, ಎಲ್ಲ ಅದೇ. ಆದರೆ ನಿಂತಿರುವುದು ನಿಜವಾದ ಹೆಂಗಸು. ಹಿಂದಿರುವುದು ಬಣ್ಣ ಬಳಿದ ಪರದೆ ಅಂತ ಗೊತ್ತಾಗುತ್ತೆ. ಎರಡು ಕೈ ಕಟ್ಟಿದ್ದು ಅಂತಲೂ ಗೊತ್ತಾಗುತ್ತೆ. ಮಾಡಿದವರು ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್.

ನನಗೆ ಸಿಟ್ಟೇನೂ ಬರಲಿಲ್ಲ. ಹಾಗಂತ ಆರಾಮಾಗಿ ನೋಡಲೂ ಆಗಲಿಲ್ಲ. ಆಕೆಯ ಮುಖದಲ್ಲಿ ಲಕ್ಷ್ಮಿಯ ಕಳೆ ಇದೆಯಾ, ಲಕ್ಷ್ಮಿ ಆಗಿ ನಿಂತು ಸುಸ್ತಾದವಳ ಕಳೆ ಇದೆಯಾ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ನಿಮಗೆ ಏನನಿಸುತ್ತೆ? ಬೈಯುವವರು ಬೈಯಬಹುದು, ಆದರೆ ಮೊದಲು ಫೋಟೋ ನೋಡಿ.

ಗುಡಿಬೀದಿ:

ನೋಡಿದೆ. ನೇರವಾಗಿ ಹೇಳ್ತೀನಿ, ನನಗೆ ಹಿಡಿಸಲಿಲ್ಲ. ಹೆಣ್ಣಿನ ಕಷ್ಟ ತೋರಿಸಬೇಕು ಅಂದರೆ ನೂರು ವಿಷಯ ಇವೆ. ದೇವಿಯ ವೇಷ ಯಾಕೆ? ನಮ್ಮಮ್ಮ ನಲವತ್ತು ವರ್ಷದಿಂದ ಅದೇ ಪಟಕ್ಕೆ ಹೂವು ಏರಿಸುತ್ತಿದ್ದಾರೆ. ಅವರಿಗೆ ಇದನ್ನು ತೋರಿಸುವ ಧೈರ್ಯ ನನಗಿಲ್ಲ. ಇನ್ನೊಂದು ಮಾತು. ಇಂಥವರೆಲ್ಲ ಬೇರೆ ಧರ್ಮದ ತಂಟೆಗೆ ಹೋಗ್ತಾರಾ?

ಡ್ರಾಯಿಂಗ್ ಮೇಡಂ:

ಪ್ರೈಮರಿ, ಹೈಸ್ಕೂಲು ಸೇರಿ 26 ವರ್ಷ ಚಿತ್ರಕಲೆ ಹೇಳಿಕೊಟ್ಟವಳು ನಾನು. ಸ್ವಲ್ಪ ಉದ್ದ ಬರೀತೀನಿ, ತಡೆದುಕೊಳ್ಳಿ.

ಮಗಳ ಪ್ರಶ್ನೆಯಿಂದಲೇ ಶುರು ಮಾಡೋಣ. ಕ್ಯಾಲೆಂಡರ್ ಲಕ್ಷ್ಮಿಗೆ ಪಿನ್ ಹಾಕಿದ್ದು ಯಾರು? ನಮ್ಮೆಲ್ಲರ ಮನೆಯ ಆ ಲಕ್ಷ್ಮಿ ರಾಜಾ ರವಿವರ್ಮನ ಚಿತ್ರದಿಂದ ಬಂದವಳು. 1894ರಲ್ಲಿ ಮುಂಬೈಯಲ್ಲಿ ಅವನ ಅಚ್ಚುಕೂಟ ಶುರುವಾಯಿತು. ಆಮೇಲೆ ಲೋಣಾವಳ ಹತ್ತಿರದ ಮಳವಳಿಗೆ ಹೋಯಿತು, ಕೊನೆಗೆ ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನ ಕೈ ಸೇರಿತು. ಬಣ್ಣದ ಅಚ್ಚಿನ ದೇವರು ಅಗ್ಗವಾಗಿ ಮನೆಮನೆಗೆ ಬಂದದ್ದು ಹಾಗೆ. ರವಿವರ್ಮ ಬರೆಯುತ್ತಿದ್ದುದು ಎದುರಿಗೆ ಜೀವಂತ ರೂಪದರ್ಶಿಯರನ್ನು ನಿಲ್ಲಿಸಿಕೊಂಡು. ಅಂದರೆ ನಿಜವಾದ ಹೆಂಗಸರೇ ಸೀರೆ ಉಟ್ಟು, ಕೈ ಎತ್ತಿ, ಗಂಟೆಗಟ್ಟಲೆ ನಿಂತಿದ್ದರು. ನಾವು ಕೈ ಮುಗಿಯುವ ಮುಖದ ಹಿಂದೆ ಹಾಗೆ ನಿಂತ ಯಾರೋ ಇದ್ದಾರೆ.

ಅವನಿಗಿಂತ ಮುಂಚೆ ಲಕ್ಷ್ಮಿ ಹೀಗಿರಲಿಲ್ಲ. ಹಾಸನದ ಹತ್ತಿರ ದೊಡ್ಡಗದ್ದವಳ್ಳಿಯಲ್ಲಿ 12ನೇ ಶತಮಾನದ ಲಕ್ಷ್ಮೀದೇವಿ ಗುಡಿ ಇದೆ, ಹೊಯ್ಸಳರ ಕಾಲದ್ದು. ಅಲ್ಲಿಗೆ ಹೋಗಿ ನೋಡಿ. ಈ ಕ್ಯಾಲೆಂಡರಿನ ರವಿಕೆ, ಸೆರಗು ಅಲ್ಲಿ ಸಿಗಲ್ಲ. ಹಾಗಾಗಿ "ದೇವಿ ಇರುವುದೇ ಹೀಗೆ" ಅಂತ ನಾವು ಅಂದುಕೊಂಡಿರುವ ರೂಪಕ್ಕೆ ನೂರಮೂವತ್ತು ವರ್ಷ ಅಷ್ಟೇ. ಅದನ್ನು ಕೊಟ್ಟವನು ಗಂಡಸು. ಅವನ ಕೈಚಳಕಕ್ಕೆ ನಾನೂ ಸೋತವಳೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಮೂಲ ಚಿತ್ರಗಳ ಮುಂದೆ ನಿಂತರೆ ರೇಷ್ಮೆಯ ಮಿಂಚು ನಿಜಕ್ಕೂ ಮುಟ್ಟಬೇಕು ಅನಿಸುತ್ತೆ.

ಇನ್ನು ಪುಷ್ಪಮಾಲಾ. 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. ಟೆರಾಕೋಟಾ ಮಾಡುತ್ತಿದ್ದರು, ಅದಕ್ಕೆ ಹೆಸರೂ ಬಂದಿತ್ತು. ತೊಂಬತ್ತರ ದಶಕದಲ್ಲಿ ಮಣ್ಣು ಬಿಟ್ಟು ತಮ್ಮ ಮೈಯನ್ನೇ ಮಣ್ಣು ಮಾಡಿಕೊಂಡರು ಅನ್ನಬಹುದು. ತಾವೇ ವೇಷ ಹಾಕುತ್ತಾರೆ, ಕ್ಯಾಮೆರಾ ಹಿಂದೆ ಬೇರೆಯವರು ಇರುತ್ತಾರೆ. ಕಳಸದಕಾಯಿ ನೋಡಿದ ಫೋಟೋ 'ದಕ್ಷಿಣ ಭಾರತದ ಸ್ಥಳೀಯ ಹೆಂಗಸರು: ರೀತಿ ನೀತಿ' ಅನ್ನುವ ಅರ್ಥದ ಇಂಗ್ಲಿಷ್ ಹೆಸರಿನ ಸರಣಿಯದ್ದು. 2000ದಿಂದ 2004ರವರೆಗೆ ಬೆಂಗಳೂರಿನ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದ್ದು. ಹೆಸರಲ್ಲೇ ಕೊಂಕು ಇದೆ. ಬ್ರಿಟಿಷರು ನಮ್ಮ ಜನರನ್ನು ಕೀಟದ ಹಾಗೆ ವಿಂಗಡಿಸಿ ಇಂಥ ಹೆಸರಿನ ಪುಸ್ತಕ ಮಾಡುತ್ತಿದ್ದರಲ್ಲ, ಅದರ ಅಣಕ. ಲಕ್ಷ್ಮಿ ಒಬ್ಬಳೇ ಅಲ್ಲ. ಕೆರೆಯಿಂದ ನೀರು ತರುವವಳು, ಬೆಳದಿಂಗಳಲ್ಲಿ ಕೂತವಳು, ಹಳೇ ದಖನಿ ಚಿತ್ರದ ಯೋಗಿನಿ, ಪತ್ರಿಕೆಯಲ್ಲಿ ಬಂದ ಕಳ್ಳತನದ ಆರೋಪಿಗಳು, ಎಲ್ಲ ಇದ್ದಾರೆ. ದೇವಿಗೂ ಕಳ್ಳಿಗೂ ಒಂದೇ ಮುಖ. ನನಗೆ ಅಲ್ಲೇ ಚುರುಕ್ ಅಂದದ್ದು.

ಗುಡಿಬೀದಿಯವರಿಗೆ: ಅದೇ ಸರಣಿಯಲ್ಲಿ ಕ್ರೈಸ್ತರ ವೇಲಾಂಕಣಿ ಮಾತೆಯೂ ಇದ್ದಾಳೆ. ಬೇರೆ ಧರ್ಮದ ತಂಟೆಗೂ ಹೋಗಿದ್ದಾರೆ ಅಂತಾಯ್ತು, ಅಲ್ವಾ?

ಬೆಣ್ಣೆದೋಸೆ:

"ದೇವಿಗೂ ಕಳ್ಳಿಗೂ ಒಂದೇ ಮುಖ." ಮೇಡಂ, ಈ ಸಾಲು ನಾನು ಕದೀತೀನಿ. ಮುಖ ಮಾತ್ರ ನಂದೇ.

ಗುಡಿಬೀದಿ:

ವೇಲಾಂಕಣಿ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ನನ್ನ ಮೊದಲ ಮಾತು ಹಾಗೇ ಇದೆ. ರವಿವರ್ಮ ಬರೆದದ್ದು ಪೂಜೆಗೆ. ಇವರು ಮಾಡಿದ್ದು ಗ್ಯಾಲರಿಗೆ. ವ್ಯತ್ಯಾಸ ಇಲ್ವಾ?

ಚೌಕಿಮನೆ:

ಗುಡಿಬೀದಿ ಅಣ್ಣ, ನಾನು ದಕ್ಷಿಣ ಕನ್ನಡದವನು. ಯಕ್ಷಗಾನದಲ್ಲಿ ಹವ್ಯಾಸಿಯಾಗಿ ಹದಿನೈದು ವರ್ಷ ಸ್ತ್ರೀವೇಷ ಮಾಡಿದ್ದೇನೆ. ನಿಮ್ಮ ಪ್ರಶ್ನೆಗೆ ನಮ್ಮ ಕಡೆಯ ಒಂದು ಸಂಗತಿ ಹೇಳುತ್ತೇನೆ.

ಕಟೀಲು ಮೇಳದವರು 'ದೇವಿ ಮಹಾತ್ಮೆ' ಆಡುತ್ತಾರೆ. ಹರಕೆ ಆಟ. ಬೆಳಗಿನ ಜಾವ ದೇವಿಯ ವೇಷ ಉಯ್ಯಾಲೆಯಲ್ಲಿ ಕೂತಾಗ ಜನ ಎದ್ದು ಕೈ ಮುಗಿಯುತ್ತಾರೆ. ನನ್ನ ಅಜ್ಜಿ ಕಣ್ಣೀರು ಹಾಕುತ್ತಿದ್ದರು. ಆ ಸೀರೆಯ ಒಳಗೆ ಇರುವವನು ಗಂಡಸು. ಸ್ವಲ್ಪ ಮುಂಚೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ ಕೂತು ಗಡ್ಡ ಕೆರೆದುಕೊಂಡು, ಚಹಾ ಕುಡಿದು ಬಂದವನು. ಅದು ಅಜ್ಜಿಗೂ ಗೊತ್ತು. ಯಾರೂ ಅವಮಾನ ಅನ್ನುವುದಿಲ್ಲ.

ಗಂಡಸು ದೇವಿಯಾದರೆ ಭಕ್ತಿ. ಹೆಂಗಸು ದೇವಿಯಾದರೆ "ಯಾಕೆ ಬೇಕಿತ್ತು". ನಮ್ಮಲ್ಲಿ ಮಹಿಳೆಯರ ತಂಡಗಳು ಬಂದಾಗಲೂ ಹಿರಿಯರು ಇದನ್ನೇ ಹೇಳಿದ್ದರು. ಮಹಿಷಾಸುರನ ವೇಷ ಹೆಂಗಸು ಕಟ್ಟಬಾರದು, ಶಕ್ತಿ ಸಾಲದು ಅಂತ. ದೇವಿಯ ವೇಷ ಕಟ್ಟಲು ಗಂಡಸಿಗೆ ಏನು ಸಾಲದು ಅಂತ ಯಾರಾದರೂ ಕೇಳಿದರಾ? ನಾನೂ ಕೇಳಿರಲಿಲ್ಲ. ಹದಿನೈದು ವರ್ಷ ಹೆಣ್ಣಾಗಿ ಕುಣಿದ ನಾನೂ ಕೇಳಿರಲಿಲ್ಲ.

ಹಾಗಂತ ನಿಮ್ಮ ಗ್ಯಾಲರಿ ಮಾತು ಪೂರ್ತಿ ತಪ್ಪು ಅಂತಲೂ ಅಲ್ಲ. ರಂಗದಲ್ಲಿ ಚೆಂಡೆ, ಹಿಮ್ಮೇಳ, ರಾತ್ರಿ, ಎಲ್ಲ ಸೇರಿ ವೇಷವನ್ನು ದೇವಿ ಮಾಡುತ್ತವೆ. ಫೋಟೋದಲ್ಲಿ ಅದು ಇಲ್ಲ. ಬಹುಶಃ ಬೇಕಂತಲೇ ಇಲ್ಲ. ಆ ಸರಣಿಯಲ್ಲಿ ಸ್ಟುಡಿಯೋ ತಯಾರಿಯ ಫೋಟೋಗಳೂ ಇವೆ. ಅಂದರೆ ಆಟದ ಜೊತೆ ಚೌಕಿಯನ್ನೂ ತೋರಿಸಿದ್ದಾರೆ. ನಾವು ಚೌಕಿಯ ಪರದೆ ಸರಿಸಲು ಬಿಡುವುದಿಲ್ಲ.

ಕಳಸದಕಾಯಿ:

ಚೌಕಿಮನೆ, ಇದನ್ನು ಓದಿ ನನ್ನ ಗಂಡ "ಹೌದಲ್ಲ" ಅಂದರು. ನಮ್ಮ ಮನೆಯಲ್ಲಿ ಇದು ವರ್ಷಕ್ಕೊಮ್ಮೆ ಆಗುವ ಘಟನೆ.

ಭದ್ರಾವತಿ ಎಕ್ಸ್‌ಪ್ರೆಸ್:

ಊರಿನ ಅಭಿಮಾನ ಅಂತಲೇ ಅಂದುಕೊಳ್ಳಿ, ಇಲ್ಲಿ ಶೀಲಾ ಗೌಡ ಹೆಸರು ಬರದಿದ್ದರೆ ನನಗೆ ನಿದ್ದೆ ಬರಲ್ಲ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಆಮೇಲೆ ಲಂಡನ್. 2019ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಎಂಬ ಅಂತರರಾಷ್ಟ್ರೀಯ ಕಲಾ ಪ್ರಶಸ್ತಿ ಬಂತು. ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಕೇಳಬೇಡಿ.

ಅವರು ದೇವರ ವೇಷ ಹಾಕಲ್ಲ, ದೇವರ ಚಿತ್ರವನ್ನೂ ಮುಟ್ಟಲ್ಲ. ದೇವರ ಕೆಲಸಕ್ಕೆ ನಮ್ಮ ಹೆಂಗಸರು ದಿನಾ ಮುಟ್ಟುವ ಸಾಮಾನನ್ನು ತೆಗೆದುಕೊಳ್ಳುತ್ತಾರೆ. ಮೊದಲು ಪೇಂಟಿಂಗ್ ಮಾಡುತ್ತಿದ್ದರು. 1992ರ ಹೊತ್ತಿಗೆ, ಕೋಮು ಗಲಭೆಯಲ್ಲಿ ದೇಶ ಹೊತ್ತಿ ಉರಿಯುತ್ತಿದ್ದ ಕಾಲ, ಬಣ್ಣ ಬಿಟ್ಟು ಸಗಣಿಗೆ ಕೈ ಹಾಕಿದರು. ಸಗಣಿ ಯೋಚನೆ ಮಾಡಿ. ಪೂಜೆಯ ನೆಲ ಸಾರಿಸಲು ಅದೇ, ಒಲೆಗೆ ಬೆರಣಿ ತಟ್ಟಲು ಅದೇ. ಪವಿತ್ರ ಅಂತ ಹೇಳುವ ಬಾಯಿ ಬೇರೆ, ಬಾಚುವ ಕೈ ಬೇರೆ. ನನ್ನ ಅಮ್ಮನ ಬೆಳಗು ಶುರುವಾಗುತ್ತಿದ್ದುದೇ ಕೊಟ್ಟಿಗೆಯಲ್ಲಿ. ಗೋವಿನ ಬಗ್ಗೆ ಭಾಷಣ ಮಾಡಿದ ಯಾರೂ ನಮ್ಮ ಕೊಟ್ಟಿಗೆಗೆ ಬಂದು ಒಂದು ಬುಟ್ಟಿ ಹೊತ್ತದ್ದನ್ನು ನಾನು ನೋಡಿಲ್ಲ.

ಇನ್ನೊಂದು ಕೃತಿ ಇದೆ, 'ನನ್ನ ನೋವನ್ನು ಅವನಿಗೆ ಹೇಳು' ಅಂತ ಅರ್ಥ ಬರುವ ಹೆಸರು. ನೂರು ಮೀಟರಿಗೂ ಜಾಸ್ತಿ ಉದ್ದದ ದಾರವನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ ಎಳೆಯುವುದು. ಆಮೇಲೆ ಇನ್ನೊಂದು ದಾರ, ಇನ್ನೊಂದು ಸೂಜಿ. ಎಲ್ಲ ಎಳೆಗಳನ್ನೂ ಒಟ್ಟು ಮಾಡಿ, ಅಂಟು ಮತ್ತು ಕುಂಕುಮ ಸವರಿ ಕೆಂಪು ಹಗ್ಗ ಮಾಡುವುದು. ಆ ಹಗ್ಗ ಗ್ಯಾಲರಿಯ ಗೋಡೆ, ನೆಲದ ಮೇಲೆ ಹರಿಯುತ್ತೆ. ಒಂದು ತುದಿಯಲ್ಲಿ ಸೂಜಿಗಳ ಗೊಂಚಲು ನೇತಾಡುತ್ತೆ. ಕುಂಕುಮ ಹಣೆಯಲ್ಲಿ ಇದ್ದರೆ ಸೌಭಾಗ್ಯ. ಹಗ್ಗದಲ್ಲಿ ಇದ್ದರೆ? ಅದನ್ನು ನೋಡಿ ಹೊಕ್ಕಳಬಳ್ಳಿ ಅಂದವರಿದ್ದಾರೆ, ರಕ್ತ ಅಂದವರಿದ್ದಾರೆ. ನನಗೆ ಕಂಡದ್ದು ಅಮ್ಮನ ಬೆನ್ನು. ಅಷ್ಟು ಸಲ ಬಗ್ಗಿ ಏಳದೆ ಅಷ್ಟು ಉದ್ದದ ದಾರ ಸೂಜಿಯಲ್ಲಿ ಹಾಯುವುದಿಲ್ಲ.

ಲಾರಿ ಅಡ್ಡ:

ಕಲೆ ಗಿಲೆ ಗೊತ್ತಿಲ್ಲ, ನಮ್ಮದು ಟ್ರಾನ್ಸ್‌ಪೋರ್ಟ್. ಆದರೆ ಇದೇ ಶೀಲಾ ಗೌಡ ಅಲ್ವಾ ಕೂದಲಿನ ಹಗ್ಗದಿಂದ ಕಾರಿನ ಬಂಪರ್ ನೇತುಹಾಕಿದ್ದು? ಯಾರೋ ಕಳಿಸಿದ್ದರು. ಆ ಕೂದಲ ಹಗ್ಗ ನಮ್ಮ ಗಾಡಿಗಳಿಗೂ ಕಟ್ಟುತ್ತೇವೆ, ದೃಷ್ಟಿ ಆಗದಿರಲಿ ಅಂತ. ಅದು ಯಾರ ಕೂದಲು ಅಂತ ಒಂದು ದಿನವೂ ಯೋಚಿಸಿಲ್ಲ.

ಭದ್ರಾವತಿ ಎಕ್ಸ್‌ಪ್ರೆಸ್:

ಹೌದು ಸಾರ್, ಅದೇ. 'ಬಿಹೋಲ್ಡ್' ಅಂತ, 2009ರದ್ದು, ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾ ಪ್ರದರ್ಶನಕ್ಕೆ ಹೋಗಿತ್ತು. ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಹಗ್ಗ. ಗುಡಿಯಲ್ಲಿ ಮುಡಿ ಕೊಡ್ತಾರಲ್ಲ, ಉದ್ದ ಕೂದಲು ವಿಗ್ ಮಾಡುವವರಿಗೆ ಮಾರಾಟವಾಗುತ್ತೆ. ಉಳಿದ ಗಿಡ್ಡ ಕೂದಲು ಹೀಗೆ ಹಗ್ಗವಾಗುತ್ತೆ. ಹರಕೆ ಹೊತ್ತವಳ ತಲೆಯಿಂದ ನಿಮ್ಮ ಬಂಪರ್‌ವರೆಗೆ ಒಂದು ದಾರಿ ಇದೆ.

ಲಾರಿ ಅಡ್ಡ:

ನನ್ನ ತಂಗಿ ಮಗು ಉಳಿಯಲಿ ಅಂತ ಮುಡಿ ಕೊಟ್ಟಿದ್ದಳು. ಬೆಳಿಗ್ಗೆ ಗಾಡಿ ಹತ್ತಿರ ಹೋದಾಗ ಅದನ್ನೇ ನೋಡ್ತಾ ನಿಂತೆ. ಕ್ಲೀನರ್ ಹುಡುಗ "ಏನ್ ಸಾರ್ ಪಂಚರ್ರಾ" ಅಂದ.

ಗುಡಿಬೀದಿ:

ಶೀಲಾ ಗೌಡರದ್ದು ನನಗೆ ಒಪ್ಪಿತವಾಗುತ್ತೆ. ಅಲ್ಲಿ ಶ್ರಮಕ್ಕೆ ಗೌರವ ಇದೆ. ಪುಷ್ಪಮಾಲಾ ಅವರದ್ದರಲ್ಲಿ ನಗು ಇದೆ. ನನಗೆ ತೊಂದರೆ ಆ ನಗುವಿನದ್ದು ಅನಿಸುತ್ತೆ.

ಡ್ರಾಯಿಂಗ್ ಮೇಡಂ:

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ. ಅಳುವ ಹೆಣ್ಣಿಗೆ ನಮ್ಮಲ್ಲಿ ಜಾಗ ಇದೆ. ನಗುವವಳಿಗೆ ಕಡಿಮೆ. 2012ರಲ್ಲಿ ಪುಷ್ಪಮಾಲಾ ರಾಮಾಯಣದ ಮೂವರನ್ನು ತೆಗೆದುಕೊಂಡು ಒಂದು ಸರಣಿ ಮಾಡಿದರು, 'ಆವೇಗ'. ಸೀತೆ, ಕೈಕೇಯಿ, ಶೂರ್ಪನಖಿ. ಕಂಪನಿ ನಾಟಕದ ಸೀನರಿ, ಹಳೇ ಪೌರಾಣಿಕ ಸಿನಿಮಾದ ಗತ್ತು. ಸೀತೆಗೆ ಕರುಣೆ ತೋರಿಸಲು ನಾವು ಸದಾ ರೆಡಿ. ಶೂರ್ಪನಖಿಯ ಮೂಗು ಕುಯ್ದಾಗ ಚಪ್ಪಾಳೆ ಹೊಡೆದು ಬೆಳೆದವರು ನಾವು. ನಾನೂ ಶಾಲೆಯ ನಾಟಕದಲ್ಲಿ ಕೆಂಪು ಬಣ್ಣ ಕಲಸಿ ಕೊಟ್ಟಿದ್ದೇನೆ.

ಶಿವಾಜಿನಗರ ಬಸ್‌ಸ್ಟಾಂಡ್:

ಎರಡು ದಿನದಿಂದ ಓದುತ್ತಿದ್ದೇನೆ. "ಬೇರೆ ಧರ್ಮದ ತಂಟೆ" ಅಂತ ಬಂದಿದ್ದಕ್ಕೆ ಬರೀತಿದ್ದೇನೆ. ನಾನು ಮುಸ್ಲಿಂ ಮನೆಯ ಹೆಣ್ಣುಮಗಳು. ರುಮ್ಮಾನಾ ಹುಸೇನ್ ಹೆಸರು ಕೇಳಿದ್ದೀರಾ? 1952ರಲ್ಲಿ ಇದೇ ಬೆಂಗಳೂರಿನಲ್ಲಿ ಹುಟ್ಟಿದವರು, ಕೆಲಸ ಮಾಡಿದ್ದು ಮುಂಬೈಯಲ್ಲಿ. 1992ರ ಡಿಸೆಂಬರ್‌ನಲ್ಲಿ ಬಾಬ್ರಿ ಮಸೀದಿ ಒಡೆದ ಮೇಲೆ ಅವರ ಚಿತ್ರಗಳು ಪೂರ್ತಿ ಬದಲಾದವು. ಅಲ್ಲಿಯವರೆಗೆ ತಾನು ಕಲಾವಿದೆ ಅಂದುಕೊಂಡಿದ್ದವರನ್ನು ಊರು "ನೀನು ಮುಸ್ಲಿಂ ಹೆಂಗಸು" ಅಂತ ನೋಡಲು ಶುರುಮಾಡಿತು. 1995ರಲ್ಲಿ ಮುಂಬೈಯ ಎನ್‌ಸಿಪಿಎ ಕಲಾಕೇಂದ್ರದ ಆವರಣದಲ್ಲಿ ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕುಯ್ದ ಪಪ್ಪಾಯ ಹಣ್ಣು ಹಿಡಿದು, ಬಾಯಿ ಅಗಲಿಸಿ ಸದ್ದಿಲ್ಲದೆ ಕಿರುಚುತ್ತಾ ನಡೆದರು. ಗುಮ್ಮಟದ ಆಕಾರ, ಅರ್ಧ ಪಪ್ಪಾಯ, ಹೆಣ್ಣಿನ ಹೊಟ್ಟೆ ಅವರ ಕೆಲಸದಲ್ಲಿ ಒಂದರೊಳಗೊಂದು ಸೇರಿಕೊಳ್ಳುತ್ತವೆ. 1999ರಲ್ಲಿ ಕ್ಯಾನ್ಸರಿನಿಂದ ಹೋದರು. ಇನ್ನೂ ಐವತ್ತು ತುಂಬಿರಲಿಲ್ಲ.

ಇರಾನಿನಿಂದ ಅಮೆರಿಕಕ್ಕೆ ಹೋದ ಕಲಾವಿದೆ ಶಿರಿನ್ ನೆಶಾತ್ ಇದ್ದಾರೆ. 1993ರಿಂದ 97ರವರೆಗಿನ 'ವಿಮೆನ್ ಆಫ್ ಅಲ್ಲಾ' ಫೋಟೋಗಳು. ಕಪ್ಪು ಚಾದರ, ಒಮ್ಮೊಮ್ಮೆ ಬಂದೂಕು. ಮುಖ, ಅಂಗೈ, ಪಾದದ ಮೇಲೆ ಪರ್ಷಿಯನ್ ಬರಹ. ನೋಡಿದವರು ಕುರಾನ್ ಅಂದುಕೊಳ್ಳುತ್ತಾರೆ. ಅಲ್ಲ, ಹೆಂಗಸರು ಬರೆದ ಕವಿತೆಗಳು. ಭಾಷೆ ಬರದವನು ಧರ್ಮ ಓದುತ್ತಾನೆ, ಬಂದವಳು ಕವಿತೆ ಓದುತ್ತಾಳೆ. ಅದನ್ನು ಮೊದಲು ತಿಳಿದ ದಿನ ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ನಮ್ಮಲ್ಲಿ ಪ್ರಶ್ನೆ ಕೇಳುವ ಹೆಂಗಸರೇ ಇಲ್ಲ ಅಂತ ಹೊರಗಿನವರು ಅಂತಾರೆ. ಹೊರಗಿನವರ ಮುಂದೆ ಕೇಳಬೇಡ ಅಂತ ಮನೆಯವರು ಅಂತಾರೆ. ಎರಡರ ಮಧ್ಯೆ ಗಂಟಲು ಕಟ್ಟುತ್ತೆ. ಆ ಸದ್ದಿಲ್ಲದ ಕಿರುಚಾಟ ಯಾಕೆ ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ.

ಗುಡಿಬೀದಿ:

ಅಕ್ಕ, ಓದಿದೆ. ನನ್ನ ಮಾತು ಸಲೀಸಾಗಿ ಬಂದುಬಿಟ್ಟಿತ್ತು.

ಗಡಿಯ ಕಾಡು:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಂದು ಕಲ್ಲು ಹಾಕ್ತೀನಿ. ನಾನು ನೀಲಗಿರಿಗೆ ಅಂಟಿದ ಕಡೆಯವಳು. ಪುಷ್ಪಮಾಲಾ ಅವರ ಅದೇ ಸರಣಿಯಲ್ಲಿ ನಮ್ಮ ಬೆಟ್ಟದ ತೋಡ ಬುಡಕಟ್ಟಿನ ಹೆಂಗಸಿನ ವೇಷವೂ ಇದೆ. ಚೌಕಳಿ ಹಲಗೆ ಮುಂದೆ ನಿಲ್ಲಿಸಿ, ಉಪಕರಣದಿಂದ ಮೈ ಅಳೆಯುವ ಹಾಗೆ ಫೋಟೋಗಳಿವೆ. ಬ್ರಿಟಿಷರು ಹೀಗೆ ಅಳೆದಿದ್ದರು, ಅದನ್ನು ಅಣಕಿಸಿದ್ದಾರೆ. ಗೊತ್ತು. ಆದರೆ ಲಕ್ಷ್ಮಿಯ ವೇಷ ಹಾಕುವುದಕ್ಕೂ ತೋಡ ಹೆಂಗಸಿನ ವೇಷ ಹಾಕುವುದಕ್ಕೂ ವ್ಯತ್ಯಾಸ ಇದೆ. ಲಕ್ಷ್ಮಿ ಬಂದು "ನನ್ನನ್ನು ಕೇಳಿದೆಯಾ" ಅನ್ನುವುದಿಲ್ಲ. ತೋಡ ಹೆಂಗಸು ಊಟಿಯಲ್ಲಿ ಇವತ್ತೂ ಇದ್ದಾಳೆ, ಕಸೂತಿ ಶಾಲು ಮಾರುತ್ತಿದ್ದಾಳೆ. ಪೇಟೆಯ, ಓದಿದ ಕಲಾವಿದೆ ಅವಳಾಗಿ ನಿಂತಾಗ ಗ್ಯಾಲರಿಯಲ್ಲಿ ಹೆಸರು ಬರುವುದು ಯಾರಿಗೆ?

ಡ್ರಾಯಿಂಗ್ ಮೇಡಂ:

ಇದಕ್ಕೆ ನನ್ನ ಬಳಿ ಜಾಣ ಉತ್ತರ ಇಲ್ಲ. ಅಳತೆಗೆ ಸಿಕ್ಕವಳ ಜಾಗದಲ್ಲಿ ತಾನು ನಿಂತು, ಅಳೆಯುವವನ ಕಡೆ ನಮ್ಮ ಕಣ್ಣು ತಿರುಗಿಸಿದ್ದಾರೆ ಅಂತ ನಾನು ನೋಡಿದ್ದೆ. ಈಗಲೂ ಅದು ಸರಿ ಅನಿಸುತ್ತೆ. ಆದರೆ ನಿಮ್ಮ ಕಲ್ಲು ನೀರಿಗೆ ಬಿದ್ದಿದೆ.

ಜರ್ಸಿ ಮೊಸರನ್ನ:

ಅಮೆರಿಕದಿಂದ. ಹೋದ ಚಳಿಗಾಲದಲ್ಲಿ ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಕಲಾವಿದೆ ಜೂಡಿ ಶಿಕಾಗೊ ಅವರ 'ಡಿನ್ನರ್ ಪಾರ್ಟಿ' ನೋಡಿದೆ. 1974ರಿಂದ 79ರವರೆಗೆ ಮಾಡಿದ್ದು. ತ್ರಿಕೋನ ಮೇಜು, ಒಂದೊಂದು ಬದಿಯೂ 48 ಅಡಿ. ಒಂದೊಂದು ಬದಿಗೆ 13 ಎಲೆ, ಅಲ್ಲ, ತಟ್ಟೆ. ಏಸುವಿನ ಕೊನೆಯ ಊಟದಲ್ಲಿ 13 ಗಂಡಸರು, ಇಲ್ಲಿ 39 ಹೆಂಗಸರು. ಬಡಿಸಿ ಬಡಿಸಿ ಸಾಕಾದವರನ್ನು ಕೂರಿಸಿ ಬಡಿಸಿದ ಹಾಗೆ. ನೆಲದ ಹೆಂಚಿನ ಮೇಲೆ ಇನ್ನೂ 999 ಹೆಸರು. ತಟ್ಟೆಗಳು ಹೆಣ್ಣಿನ ಗುಪ್ತಾಂಗದ ಆಕಾರದಲ್ಲಿವೆ ಅಂತ ಆಗ ದೊಡ್ಡ ಗಲಾಟೆ ಆಗಿತ್ತು.

ಮೊದಲ ಬದಿಯಲ್ಲೇ ನಮ್ಮ ಕಾಳಿಗೂ ಒಂದು ತಟ್ಟೆ ಇದೆ! ಖುಷಿಯಾಗಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ನೋಡಿ, "ಅವಳಿಗೆ ಕೂರಲು ಎಲ್ಲಿ ಪುರುಸೊತ್ತು" ಅಂದರು. ಸೋಜರ್ನರ್ ಟ್ರೂತ್ ಎಂಬ ಕಪ್ಪು ಹೋರಾಟಗಾರ್ತಿಯ ತಟ್ಟೆಯಲ್ಲಿ ಮಾತ್ರ ಮುಖಗಳಿವೆ. ಅವಳಿಗೆ ಉಳಿದವರ ಹಾಗೆ ಮೈ ಯಾಕೆ ಕೊಡಲಿಲ್ಲ ಅಂತ ಕಪ್ಪು ಬರಹಗಾರ್ತಿಯರು ತರಾಟೆಗೆ ತೆಗೆದುಕೊಂಡರು. ಗಡಿಯ ಕಾಡು ಕೇಳಿದ್ದನ್ನು ಓದಿ ಅದೇ ನೆನಪಾಯ್ತು.

ಬಯಲುಸೀಮೆ:

ಅಷ್ಟು ದೂರ ಯಾಕೆ? ಅಕ್ಕಮಹಾದೇವಿ ಬಟ್ಟೆ ಬಿಟ್ಟು ನಡೆದವಳು. ನಮ್ಮ ಚಿತ್ರಕಾರರು ಅವಳ ಕೂದಲನ್ನು ಮೊಣಕಾಲಿನ ತನಕ ಬೆಳೆಸಿ ಮುಚ್ಚಿದರು. ಎಂಟು ನೂರು ವರ್ಷ ಆದರೂ ಅವಳಿಗೆ ಸೆರಗು ಸರಿ ಮಾಡುವುದು ಬಿಟ್ಟಿಲ್ಲ. ಅವಳ ಪಟ ನಮ್ಮ ಹಾಲ್‌ನಲ್ಲೂ ಇದೆ, ಟಿವಿ ಮೇಲೆ.

ಬೆಣ್ಣೆದೋಸೆ:

ಬೆಂಗಳೂರಿನಲ್ಲಿ ಇದನ್ನೆಲ್ಲ ಎಲ್ಲಿ ನೋಡಬಹುದು? ಟಿಕೆಟ್ ಎಷ್ಟು? ಕ್ಯಾಂಟೀನ್ ಇದೆಯಾ?

ಡ್ರಾಯಿಂಗ್ ಮೇಡಂ:

ಕಸ್ತೂರಬಾ ರಸ್ತೆಯಲ್ಲಿ ಮ್ಯಾಪ್ ಅನ್ನುವ ಕಲಾ ಮ್ಯೂಸಿಯಂ ಇದೆ, 2023ರಲ್ಲಿ ಬಾಗಿಲು ತೆರೆದಾಗ ಕಲೆಯಲ್ಲಿ ಹೆಣ್ಣನ್ನು ಹೇಗೆ ತೋರಿಸಿದ್ದಾರೆ ಅನ್ನುವುದರ ಮೇಲೆಯೇ ಪ್ರದರ್ಶನ ಇಟ್ಟಿದ್ದರು. ಅರಮನೆ ರಸ್ತೆಯಲ್ಲಿ ಸರ್ಕಾರದ ಆಧುನಿಕ ಕಲಾ ಗ್ಯಾಲರಿ ಎನ್‌ಜಿಎಂಎ ಇದೆ, ಮರಗಳ ಕೆಳಗೆ ಕೂರಬಹುದು. ಗೋಡೆಯ ಮೇಲೆ ಏನಿದೆ ಅಂತ ಹೊರಡುವ ಮುಂಚೆ ನೋಡಿಕೊಳ್ಳಿ, ಬದಲಾಗುತ್ತಾ ಇರುತ್ತೆ. ದೋಸೆ ಮಾತ್ರ ತಿಂದೇ ಹೋಗಿ.

ಕಳಸದಕಾಯಿ:

ಇವತ್ತು ಸಂಜೆ ಅತ್ತೆಗೆ ಆ ಫೋಟೋ ತೋರಿಸಿದೆ. ಗುಡಿಬೀದಿಯವರೇ, ನಿಮ್ಮಮ್ಮನ ವಯಸ್ಸೇ ಇರಬೇಕು, 71. ಕೈಕಾಲು ನಡುಗುತ್ತಿತ್ತು, ಅವರದ್ದಲ್ಲ, ನನ್ನದು.

ದೇವಿಯನ್ನು ವಿಸರ್ಜನೆ ಮಾಡಿ, ಸೀರೆ ಮಡಚಿ, ಬಿಂದಿಗೆ ತೊಳೆದು ಬೋರಲು ಹಾಕಿದ್ದೆವು. ಅತ್ತೆ ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಿದ್ದರು. ಕನ್ನಡಕ ಹಾಕಿಕೊಂಡು ಫೋನ್ ಇಸಕೊಂಡರು. ಜೂಮ್ ಮಾಡಲು ಮಗಳು ಹೇಳಿಕೊಟ್ಟಳು. ಮುಖ ನೋಡಿದರು, ಒಡವೆ ನೋಡಿದರು, ಆಮೇಲೆ ತಾವರೆಯ ಮೇಲಿನ ಪಾದದ ಹತ್ತಿರ ಬಂದು ನಿಂತರು. ಬೈತಾರೆ ಅಂದುಕೊಂಡೆ.

"ಪಾಪ, ಎಷ್ಟು ಹೊತ್ತು ನಿಲ್ಲಿಸಿದ್ರೋ" ಅಂದರು. ಫೋನ್ ವಾಪಸ್ ಕೊಟ್ಟು, "ಒಂದು ಪಿನ್ನು ಕಡಿಮೆ ಇದೆ, ಸೋಫಾ ಕೆಳಗೆ ನೋಡು" ಅಂತ ಮಗನನ್ನು ಕರೆದರು.